ಒರೆಸೋದು ಎಲ್ಲಿಗೆ ಮುಗೀತು, ತಿದ್ದೋದು ಎಲ್ಲಿಂದ ಶುರು?

ಬೇಸ್‌ಬಾಲ್ ಕಾರ್ಡು, ಪೋಕಿಮಾನ್ ಕಾರ್ಡುಗಳನ್ನು ಗ್ರೇಡಿಂಗಿಗೆ ಕಳಿಸೋ ಮುಂಚೆ 'ರೆಡಿ' ಮಾಡೋದು ಅಂತ ಇಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ವಿದ್ಯೆಯೇ ಬೆಳೆದುಬಿಟ್ಟಿದೆ. ಯಾವ ಬಟ್ಟೆಯಲ್ಲಿ ಒರೆಸಬೇಕು, ಯಾವ ದ್ರಾವಣ ಸವರಬೇಕು, ಬಾಗಿದ ಕಾರ್ಡನ್ನು ಎಷ್ಟು ದಿನ ಭಾರದ ಕೆಳಗೆ ಇಡಬೇಕು... ಒಂದೊಂದಕ್ಕೂ ಒಬ್ಬೊಬ್ಬ ಗುರು! ನನ್ನನ್ನು ಕೇಳಿದರೆ, ಕಾರ್ಡನ್ನು ರೆಡಿ ಮಾಡೋದು ಅಂದರೆ ಅದನ್ನು ಸರಿಯಾಗಿ ನೋಡೋದು, ಜೋಪಾನವಾಗಿ ಕವರಿಗೆ ಹಾಕೋದು, ಅಷ್ಟೇ. ಅದರಾಚೆ ಕೈ ಹಾಕಿದರೆ ಅದು ರಿಪೇರಿ. ರಿಪೇರಿ ಮಾಡಿ, ಹೇಳದೇ ಮಾರಿದರೆ ಅದಕ್ಕೆ ಅಚ್ಚಕನ್ನಡದಲ್ಲಿ ಮೋಸ ಅಂತಾರೆ.

ಈ ಲೋಕದ ಪರಿಚಯ ಇಲ್ಲದವರಿಗೆ ಒಂದೆರಡು ಮಾತು. ಪಿಎಸ್‌ಎ ಅನ್ನೋ ಕಂಪನಿ 1991ರಲ್ಲಿ ಶುರುವಾಯಿತು. ನೀವು ಕಾರ್ಡು ಕಳಿಸುತ್ತೀರಿ, ಅವರು ಅಸಲಿಯೋ ನಕಲಿಯೋ ನೋಡಿ, ಒಂದರಿಂದ ಹತ್ತರೊಳಗೆ ಒಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಸೀಲ್ ಮಾಡಿ ವಾಪಸ್ ಕಳಿಸುತ್ತಾರೆ. ಬೇರೆ ಕಂಪನಿಗಳೂ ಇವೆ. ವಿಷಯ ಏನಪ್ಪಾ ಅಂದರೆ, ಒಂದೇ ಕಾರ್ಡು ಒಂಬತ್ತು ಬಂದರೆ ಒಂದು ಬೆಲೆ, ಹತ್ತು ಬಂದರೆ ಎಷ್ಟೋ ಸಲ ಅದರ ಹಲವು ಪಟ್ಟು. ಎರಡಕ್ಕೂ ಇರೋ ವ್ಯತ್ಯಾಸ ಬರಿಗಣ್ಣಿಗೆ ಕಾಣೋದೂ ಕಷ್ಟ. ಒಂದು ಮಾರ್ಕಿನಲ್ಲಿ ಫಸ್ಟ್ ಕ್ಲಾಸ್ ತಪ್ಪಿಸಿಕೊಂಡವರಿಗೆ ಈ ಸಂಕಟ ಚೆನ್ನಾಗಿ ಅರ್ಥವಾದೀತು. ಆ ಒಂದು ಅಂಕದ ಆಸೆಯೇ ಎಲ್ಲ ಕಿತಾಪತಿಗೂ ಮೂಲ.

ಮೊದಲು ನೋಡೋ ಕೆಲಸ. ಕೈ ತೊಳೆದು, ಪೂರ್ತಿ ಒಣಗಿಸಿಕೊಂಡು, ಮೇಜಿನ ಮೇಲೆ ಮೆತ್ತನೆ ಬಟ್ಟೆ ಹಾಸಿ ಕೂತುಕೊಳ್ಳಿ. ಕಾರ್ಡನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ನಿಧಾನಕ್ಕೆ ತಿರುಗಿಸಿದರೆ, ನೇರ ಬೆಳಕಿನಲ್ಲಿ ಕಾಣದ ಗೀರು, ಉಗುರಿನಷ್ಟು ಸಣ್ಣ ತಗ್ಗು, ಮುದ್ರಣದ ಗೆರೆ ಎಲ್ಲ ಹೊರಗೆ ಬರುತ್ತವೆ. ಹೊಳೆಯೋ ಪೋಕಿಮಾನ್ ಕಾರ್ಡುಗಳಲ್ಲಂತೂ ಇದೇ ಮುಖ್ಯ ಪರೀಕ್ಷೆ. ಆಮೇಲೆ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸೋ ಭೂತಗನ್ನಡಿಯಲ್ಲಿ ನಾಲ್ಕು ಮೂಲೆ, ನಾಲ್ಕು ಅಂಚು. ಹಿಂಬದಿಯ ನೀಲಿ ಅಂಚಿನಲ್ಲಿ ಬಿಳಿ ಚುಕ್ಕೆ ಕಂಡರೆ ಹತ್ತರ ಆಸೆ ಬಿಡಿ. ಕೊನೆಗೆ ಚಿತ್ರ ಮಧ್ಯದಲ್ಲಿದೆಯೋ ಇಲ್ಲವೋ: ಎಡಗಡೆ ಬಲಗಡೆ ಅಂಚುಗಳನ್ನು ಅಳೆದು ಹೋಲಿಸಿ. 55ಕ್ಕೆ 45ರ ಒಳಗಿದ್ದರೆ ಸರಿ, 65ಕ್ಕೆ 35 ಆಗಿದ್ದರೆ ಅದು ಪ್ರೆಸ್ಸಿನಲ್ಲೇ ಆಗಿರೋ ದೋಷ, ಯಾವ ದೇವರಿಗೆ ಹರಕೆ ಹೊತ್ತರೂ ಸರಿಹೋಗೋದಿಲ್ಲ.

ಹೀಗೆ ಕೂತು ನೋಡಿದರೆ ಕಳಿಸಬೇಕು ಅಂದುಕೊಂಡಿದ್ದ ಕಾರ್ಡುಗಳಲ್ಲಿ ಮುಕ್ಕಾಲುಪಾಲು ಪಕ್ಕಕ್ಕೆ ಹೋಗುತ್ತವೆ. ಹೋಗಲಿ ಬಿಡಿ. ಅಗ್ಗದ ದರದಲ್ಲಿ ಕಳಿಸಿದರೂ ಕಾರ್ಡೊಂದಕ್ಕೆ ಇಪ್ಪತ್ತು ಡಾಲರಿಗಿಂತ ಮೇಲೇ ಬೀಳುತ್ತೆ, ಅಂಚೆ ಖರ್ಚು ಬೇರೆ.

ಈಗ ಕಷ್ಟದ ಪ್ರಶ್ನೆ. ಬೆರಳಿನ ಗುರುತು ಇದ್ದರೆ? ಒಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಹಗುರವಾಗಿ ಒರೆಸಿ, ತಪ್ಪಿಲ್ಲ. ಹಳೇ ಟಾಪ್ಸ್ ಪ್ಯಾಕೆಟ್ಟಿನ ಮೇಣ ಕಾರ್ಡಿಗೆ ಅಂಟಿದ್ದರೆ ನೈಲಾನ್ ಸ್ಟಾಕಿಂಗಿನಲ್ಲಿ ಉಜ್ಜಿ ತೆಗೆಯೋ ಪದ್ಧತಿ ಹಿಂದಿನಿಂದಲೂ ಇದೆ, ಅದನ್ನೂ ನಾನು ಒಪ್ಪುತ್ತೇನೆ. ಯಾಕೆಂದರೆ ಮೇಣ, ಧೂಳು, ಬೆವರು ಇವೆಲ್ಲ ಕಾರ್ಡಿನ ಮೇಲೆ ಬಂದು ಕೂತಿದ್ದು, ಕಾರ್ಡಿನದಲ್ಲ. ಆದರೆ ತಗ್ಗನ್ನು ಒತ್ತಿ ಸಮ ಮಾಡೋದು, ಗೀರಿಗೆ ಪಾಲಿಶ್ ತುಂಬೋದು, ಬಿಳಿಯಾದ ಅಂಚಿಗೆ ಪೆನ್ನಿನಲ್ಲಿ ಬಣ್ಣ ಹಚ್ಚೋದು, ಸವೆದ ಮೂಲೆಯನ್ನು ಬ್ಲೇಡಿನಲ್ಲಿ ಕತ್ತರಿಸಿ ಚೂಪು ಮಾಡೋದು? ಇದು ಕಾರ್ಡಿನ ಚರಿತ್ರೆಯನ್ನೇ ಅಳಿಸಿದ ಹಾಗೆ. ಒತ್ತಿದ ಕಾಗದ ತಿಂಗಳುಗಳ ಮೇಲೆ ಮತ್ತೆ ಹಳೇ ಆಕಾರಕ್ಕೇ ಮರಳಬಹುದು, ಅಷ್ಟರಲ್ಲಿ ಅದು ಯಾರೋ ಪುಣ್ಯಾತ್ಮನ ಮನೆ ಸೇರಿರುತ್ತೆ!

ಇದೇನು ಚಿಲ್ಲರೆ ಜನರ ಆಟ ಅಂದುಕೊಳ್ಳಬೇಡಿ. ಪಿಎಸ್‌ಎ ಮೊಟ್ಟಮೊದಲು ಗ್ರೇಡ್ ಮಾಡಿದ ಕಾರ್ಡೇ ಇದಕ್ಕೆ ಸಾಕ್ಷಿ. 1909-11ರ ಕಾಲದ, ಸಿಗರೇಟು ಪ್ಯಾಕಿನಲ್ಲಿ ಬರುತ್ತಿದ್ದ ಹೋನಸ್ ವ್ಯಾಗ್ನರ್ ಕಾರ್ಡು. ಐಸ್ ಹಾಕಿಯ ವೇಯ್ನ್ ಗ್ರೆಟ್ಜ್‌ಕಿ ಮತ್ತು ಬ್ರೂಸ್ ಮೆಕ್‌ನಾಲ್ ಸೇರಿ 1991ರಲ್ಲಿ 4,51,000 ಡಾಲರಿಗೆ ಕೊಂಡಿದ್ದು. ಅದಕ್ಕೆ ಎಂಟು ಅಂಕ ಬಂತು. 2007ರಲ್ಲಿ ಅದೇ ಕಾರ್ಡು 28 ಲಕ್ಷ ಡಾಲರಿಗೆ ಕೈ ಬದಲಾಯಿಸಿತು. 2013ರಲ್ಲಿ ಬಿಲ್ ಮ್ಯಾಸ್ಟ್ರೋ ಅನ್ನೋ ಹರಾಜುದಾರ ಬೇರೊಂದು ವಂಚನೆ ಪ್ರಕರಣದಲ್ಲಿ ತಪ್ಪೊಪ್ಪಿಕೊಳ್ಳುವಾಗ, ಆ ಕಾರ್ಡಿನ ಅಂಚುಗಳನ್ನು ತಾನೇ ಕತ್ತರಿಸಿದ್ದಾಗಿ ಒಪ್ಪಿಕೊಂಡ. 2015ರಲ್ಲಿ ಅವನಿಗೆ 20 ತಿಂಗಳ ಜೈಲು. ಗ್ರೇಡಿಂಗ್ ಅನ್ನೋ ಇಡೀ ಕಟ್ಟಡದ ಮೊದಲ ಇಟ್ಟಿಗೆಯೇ ಕೊರೆದ ಇಟ್ಟಿಗೆ, ನೋಡಿ.

2019ರಲ್ಲಿ ಮತ್ತೊಂದು ರಂಪ. ಹವ್ಯಾಸಿ ಸಂಗ್ರಾಹಕರೇ ಕೂತು ಹಳೇ ಹರಾಜುಗಳ ಚಿತ್ರಗಳನ್ನೂ ಹೊಸ ಸೀಲಿನ ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರು. ಮುದ್ರಣದ ಒಂದು ಶಾಯಿ ಚುಕ್ಕೆ, ಕಾಗದದ ಒಂದು ನಾರು ಇವೇ ಬೆರಳಚ್ಚಿನ ಹಾಗೆ ಸಾಕ್ಷಿಯಾದವು: ಅದೇ ಕಾರ್ಡು, ಮೊದಲಿಗಿಂತ ಕಿರಿದು, ಅಂಕ ಮಾತ್ರ ಮೊದಲಿಗಿಂತ ಜಾಸ್ತಿ.

"ಕಾಮಿಕ್ಸ್ ಪುಸ್ತಕಗಳನ್ನು ಬಹಿರಂಗವಾಗಿಯೇ ಒತ್ತಿ ಸರಿಮಾಡುತ್ತಾರಲ್ಲ, ಹಳೇ ವರ್ಣಚಿತ್ರಗಳನ್ನು ತೊಳೆಯುತ್ತಾರಲ್ಲ, ಕಾರ್ಡಿಗೆ ಮಾತ್ರ ಯಾಕೆ ಈ ಮಡಿ?" ಅಂತ ಕೇಳೋರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ವರ್ಣಚಿತ್ರ ತೊಳೆದವರು ತೊಳೆದಿದ್ದೇವೆ ಅಂತ ದಾಖಲೆ ಬರೆದಿಡುತ್ತಾರೆ. ಇಲ್ಲಿ ದುಡ್ಡು ಕೊಡೋನು ಕೊಡೋದೇ, ಆ ಕಾರ್ಡು ಇಷ್ಟು ವರ್ಷ ಯಾರ ಕೈಗೂ ಸಿಕ್ಕಿ ನಲುಗದೆ ಉಳಿದಿದೆ ಅನ್ನೋದಕ್ಕೆ. ಮಾರೋ ಜಾಹೀರಾತಿನಲ್ಲಿ 'ಇದನ್ನು ಒತ್ತಿ ಸಮ ಮಾಡಿದ್ದೇನೆ' ಅಂತ ಬರೆಯೋ ಧೈರ್ಯ ಇದ್ದರೆ ಧಾರಾಳವಾಗಿ ಒತ್ತಿ. ಆಲ್ಬಮ್ಮಿಗೆ ಅಂಟಿಸಿದ್ದ ಹಳೇ ಕಾರ್ಡನ್ನು ನೀರಿನಲ್ಲಿ ನೆನೆಸಿ ಬಿಡಿಸೋ ವಿಚಾರದಲ್ಲೂ ನನ್ನದು ಇದೇ ಮಾತು. ಬಿಡಿಸಿ, ಆದರೆ ಹೇಳಿ.

ಗ್ರೇಡಿಂಗ್ ಕಂಪನಿಗಳೂ ಸಾಚಾ ಅಂತ ನಾನೇನೂ ಹೇಳೋಲ್ಲ. ಕಾರ್ಡಿನ ಬೆಲೆ ಏರಿದ ಹಾಗೆ ಅವರ ಶುಲ್ಕವೂ ಏರುತ್ತೆ. ಹೆಚ್ಚು ಅಂಕ ಬಂದರೆ ಇಬ್ಬರಿಗೂ ಲಾಭ ಅನ್ನೋ ವ್ಯವಸ್ಥೆ ನನಗಂತೂ ಹಿಡಿಸೋಲ್ಲ. 2021ರ ಮಾರ್ಚಿನಲ್ಲಿ ಕಾರ್ಡುಗಳ ರಾಶಿ ತಡೆಯಲಾಗದೆ ಪಿಎಸ್‌ಎ ತನ್ನ ಬಹುಪಾಲು ಸೇವೆಗಳನ್ನೇ ನಿಲ್ಲಿಸಿತ್ತು. ಅಷ್ಟು ರಾಶಿಯಲ್ಲಿ ಒಂದೊಂದು ಕಾರ್ಡಿನ ಮುಂದೆ ಎಷ್ಟು ಹೊತ್ತು ಕೂತಾರು, ನೀವೇ ಹೇಳಿ. ಅವರ ಕಣ್ಣು ತಪ್ಪಿಸಬಹುದು ಅನ್ನೋದು ನಿಜ. ಅದಕ್ಕೇ ಈ ಕೆಲಸ ಮೇಜಿನ ಈಚೆ ಕಡೆಯಲ್ಲೇ, ನಮ್ಮ ಕೈಯಲ್ಲೇ ಸರಿಯಾಗಬೇಕು ಅನ್ನೋದು.

ಉಳಿದಿದ್ದು ಪ್ಯಾಕಿಂಗು. ತೆಳು ಪ್ಲಾಸ್ಟಿಕ್ ಕವರಿನೊಳಗೆ ಮೂಲೆ ತಾಗದ ಹಾಗೆ ಇಳಿಸಿ, ಅದನ್ನು ಅರೆಗಟ್ಟಿ ಹೋಲ್ಡರಿಗೆ ಹಾಕಿ. ಗಟ್ಟಿ ಟಾಪ್‌ಲೋಡರ್ ಬೇಡ, ಅದರಿಂದ ಹೊರಗೆಳೆಯುವಾಗಲೇ ಮೂಲೆ ಹಾಳಾಗೋ ಭಯ. ಎರಡು ರಟ್ಟುಗಳ ನಡುವೆ ಇಟ್ಟು ರಬ್ಬರ್ ಬ್ಯಾಂಡ್ ಸಡಿಲವಾಗಿ ಹಾಕಿ, ಪೆಟ್ಟಿಗೆಯಲ್ಲಿ ಅಲುಗಾಡದ ಹಾಗೆ ಬಬಲ್ ರ‍್ಯಾಪ್ ತುಂಬಿ. ನಮ್ಮ ಮನೆಯಿಂದ ಈ ಸಲ ಹೋಗುತ್ತಿರೋದು ನಾಲ್ಕೇ ಕಾರ್ಡು. ಮಗನಿಗೆ ಇಷ್ಟವಾದ ಐದನೆಯದರ ಬೆನ್ನಿನಲ್ಲಿ ಒಂದು ತಗ್ಗು ಇದೆ, ಅದು ಅವನ ಬೈಂಡರಿನಲ್ಲೇ ಇರುತ್ತೆ.