ಹಳೆಯ ಬಂಡಿ, ಮೊದಲ ಗುರು

ಮೊದಲ ಮೋಟಾರು ಸೈಕಲ್ಲು ಹೊಸದೇ ಆಗಿರಬೇಕೆಂಬ ಹಟ ತರುಣರಿಗೆ ಸಹಜ. ಆದರೆ ಯಂತ್ರವನ್ನು ಅರಿಯಬೇಕೆನ್ನುವವನಿಗೆ ಹಳೆಯದೇ ಲೇಸು. ಮೈಸೂರಿನ ಕಾರ್ಖಾನೆಯಿಂದ 1961ರಿಂದ ಜಾವಾ ಎಂದೂ, 1973ರ ತರುವಾಯ ಯೆಜ್ಡಿ ಎಂದೂ, ಅದು ಮುಚ್ಚಿದ 1996ರವರೆಗೆ ಹೊರಬಂದ ಬಂಡಿಗಳನ್ನೇ ನೋಡಿರಿ. ಪೆಟ್ರೋಲಿಗೆ ಎಣ್ಣೆ ಬೆರೆಸದಿದ್ದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಪ್ಲಗ್ಗಿಗೆ ಮಸಿ ಕಟ್ಟಿದರೆ ಎಷ್ಟು ಒದೆದರೂ ಎಂಜಿನ್ನು ಓಗೊಡದು. ಕಾರಣವನ್ನು ಹುಡುಕದೆ ಗತಿಯಿಲ್ಲ; ಆ ಹುಡುಕಾಟವೇ ವಿದ್ಯೆ.

ಹಾಗೆಂದು ಎಲ್ಲ ದೋಷವೂ ಗುರುವಲ್ಲ. ಮಾಸಿದ ಬಣ್ಣವನ್ನು, ತಗ್ಗುಬಿದ್ದ ಟ್ಯಾಂಕನ್ನು ಕ್ಷಮಿಸಬಹುದು. ಸಡಿಲಗೊಂಡ ಬ್ರೇಕು, ಸವೆದ ಟಯರು, ನವೀಕರಣವಾಗದ ನೋಂದಣಿ ಇವು ಕ್ಷಮೆಗೆ ಅರ್ಹವಲ್ಲ. ಬಣ್ಣಕ್ಕೆಂದು ತೆಗೆದಿಟ್ಟ ಹಣ ಮೊದಲು ಬ್ರೇಕಿಗೆ ಸಲ್ಲಲಿ. ಹೊರಡಲು ಹಟಮಾಡುವ ಬಂಡಿ ತಾಳ್ಮೆಯನ್ನು ಕಲಿಸೀತು. ನಿಲ್ಲಲು ಒಲ್ಲದ ಬಂಡಿ ಕಲಿಯುವವನನ್ನೇ ಉಳಿಸದು.