ಆಕಾಶದ ತೂತು

ಮೇ ತಿಂಗಳ ರಾತ್ರಿ ಕರೆಂಟು ಹೋದರೆ ಸೆಕೆ ತಾಳಲಾರದೆ ಅಂಗಳಕ್ಕೆ ಬಂದು ಕೂರುವವರು ನಾವು. ಹತ್ತು ಗಂಟೆ ದಾಟಿದ್ದರೆ ಆಗ್ನೇಯ ದಿಕ್ಕಿಗೆ ನೋಡಿ. ವೃಶ್ಚಿಕ ರಾಶಿ ಮೇಲೇರಿರುತ್ತದೆ. ಚೇಳಿನ ಎದೆಯಲ್ಲಿ ಕೆಂಪಗೆ ಮಿನುಗುವುದು ಜ್ಯೇಷ್ಠಾ ನಕ್ಷತ್ರ. ಅದರಿಂದ ಸ್ವಲ್ಪ ಉತ್ತರಕ್ಕೆ ಇರುವ ಒಂದು ಜಾಗದ ಕಥೆ ಇದು.

ವಿಲಿಯಂ ಹರ್ಷೆಲ್ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಜರ್ಮನ್ ಸಂಗೀತಗಾರ. 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದು ಹೆಸರಾದವನು. ಮನೆ ಗುಡಿಸಿದಂತೆ ಆಕಾಶವನ್ನು ಪಟ್ಟಿ ಪಟ್ಟಿಯಾಗಿ ನೋಡುತ್ತಾ ಹೋಗುತ್ತಿದ್ದ. ತಂಗಿ ಕ್ಯಾರೊಲಿನ್ ಬರೆದುಕೊಳ್ಳುತ್ತಿದ್ದಳು. ಚೇಳಿನ ಮೈಯ ಈ ಭಾಗಕ್ಕೆ ಬಂದಾಗ ನಕ್ಷತ್ರಗಳೇ ಇಲ್ಲ, ಬರೀ ಕಪ್ಪು. ಇದು ಆಕಾಶದಲ್ಲಿನ ತೆರಪು, ಇಲ್ಲಿದ್ದ ನಕ್ಷತ್ರಗಳನ್ನು ಪಕ್ಕದ ಗುಂಪು ಎಳೆದುಕೊಂಡಿರಬೇಕು ಎಂದು 1785ರ ಲೇಖನದಲ್ಲಿ ಊಹಿಸಿದ. ತೂತಿನ ಉತ್ತರ ತನ್ನ ಕೈಗೇ ಸಿಗಲಿದೆಯೆಂದು ಆತನಿಗೇನು ಗೊತ್ತು!

ಅದೇ ಹರ್ಷೆಲ್ 1800ರಲ್ಲಿ ಬಿಸಿಲನ್ನು ಗಾಜಿನ ಪಟ್ಟಕದಲ್ಲಿ ಹಾಯಿಸಿ, ಒಂದೊಂದು ಬಣ್ಣಕ್ಕೂ ಥರ್ಮಾಮೀಟರ್ ಇಟ್ಟ. ನೇರಳೆಗಿಂತ ಹಸಿರು ಬಿಸಿ, ಹಸಿರಿಗಿಂತ ಕೆಂಪು ಬಿಸಿ. ಕೆಂಪು ಮುಗಿದ ಆಚೆ, ಕಣ್ಣಿಗೆ ಏನೂ ಕಾಣದ ಕಡೆ, ಪಾದರಸ ಇನ್ನೂ ಮೇಲೇರಿತು. ಇದೇ ಅವಕೆಂಪು ಕಿರಣ, ಇನ್‌ಫ್ರಾರೆಡ್. ಒಲೆಯಿಂದ ಇಳಿಸಿದ ಕಾವಲಿ ಕಪ್ಪಗೇ ಇದ್ದರೂ ಪಕ್ಕದಲ್ಲಿ ಕೈ ಹಿಡಿದರೆ ಕಾವು ತಾಗುತ್ತದಲ್ಲ, ಅದು ಇದೇ. ಟಿವಿ ರಿಮೋಟಿನ ಮೂತಿಯಿಂದ ಹೊರಡುವುದೂ ಇದೇ. ಮೊಬೈಲ್ ಕ್ಯಾಮೆರಾದೆದುರು ರಿಮೋಟ್ ಹಿಡಿದು ಗುಂಡಿ ಒತ್ತಿ. ಕೆಲವು ಫೋನುಗಳಲ್ಲಿ ಚುಕ್ಕಿಯೊಂದು ಮಿನುಗುವುದು ಕಾಣುತ್ತದೆ. ಮಕ್ಕಳಿಗೆ ಇಷ್ಟು ಅಗ್ಗದ ವಿಜ್ಞಾನ ಪಾಠ ಬೇರೆ ಸಿಗದು.

ಹರ್ಷೆಲ್ ಕಂಡ ತೂತು ತೂತಲ್ಲ. ಅನಿಲ ಮತ್ತು ಧೂಳಿನ ಮೋಡ. ರೋ ಒಫಿಯುಕಿ ಎಂದು ಅದರ ಹೆಸರು. ಧೂಳಿನ ಕಣಗಳು ಹೊಗೆಯ ಕಣಗಳಷ್ಟು ಸಣ್ಣವು, ಆದರೂ ಹಿಂದಿನ ನಕ್ಷತ್ರಗಳ ಬೆಳಕನ್ನು ತಡೆಯುತ್ತವೆ. ಒಳಗೆ ಅನಿಲ ತನ್ನ ಭಾರಕ್ಕೆ ತಾನೇ ಕುಸಿದು ಮುದ್ದೆಗಟ್ಟುತ್ತದೆ, ಕಾಯುತ್ತದೆ, ನಕ್ಷತ್ರವಾಗತೊಡಗುತ್ತದೆ. ಅದರ ಬೆಳಕು ಹೊರಬರದು. ಅವಕೆಂಪು ಮಾತ್ರ ಧೂಳನ್ನು ದಾಟಿ ಬರುತ್ತದೆ.

ಅದನ್ನು ಹಿಡಿಯಲು ಹೊರಟದ್ದು ಜೇಮ್ಸ್ ವೆಬ್ ದೂರದರ್ಶಕ. 2021ರ ಡಿಸೆಂಬರ್ 25ರ ಸಂಜೆ, ನಮ್ಮಲ್ಲಿ ಗೋದಲಿಗೆ ದೀಪ ಹಚ್ಚುವ ಹೊತ್ತಿಗೆ, ಅದು ಫ್ರೆಂಚ್ ಗಯಾನಾದಿಂದ ಮೇಲೇರಿತು. ಈಗ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿದೆ. ತನ್ನದೇ ಬಿಸಿ ತನಗೆ ಅಡ್ಡಿಯಾಗದಂತೆ ಟೆನಿಸ್ ಅಂಕಣದಷ್ಟು ದೊಡ್ಡ ಕೊಡೆಯ ನೆರಳಲ್ಲಿ ಕುಳಿತಿರುತ್ತದೆ. 2023ರ ಜುಲೈ 12ರಂದು ಅದರ ಚಿತ್ರ ಬಂತು. ಬಣ್ಣಗಳು ವಿಜ್ಞಾನಿಗಳು ಕೊಟ್ಟವು, ಆದರೆ ನಕ್ಷತ್ರಗಳು ಅಲ್ಲಿರುವವೇ. ಸುಮಾರು 50 ಎಳೆಯ ನಕ್ಷತ್ರಗಳು, ಹೆಚ್ಚಿನವು ನಮ್ಮ ಸೂರ್ಯನಷ್ಟು ಅಥವಾ ಅದಕ್ಕಿಂತ ಚಿಕ್ಕವು. ಕೆಲವು ಎರಡೂ ಬದಿಗೆ ಪಿಚಕಾರಿಯಂತೆ ಅನಿಲ ಚಿಮ್ಮುತ್ತಿವೆ. ಕೆಲವದರ ಸುತ್ತ ತಟ್ಟೆಯಂಥ ನೆರಳು. ಮುಂದೆ ಗ್ರಹಗಳು ಆಗುವುದಿದ್ದರೆ ಅದರಿಂದಲೇ.

ಆ ಮೋಡ ಸುಮಾರು 390 ಜ್ಯೋತಿರ್ವರ್ಷ ದೂರದಲ್ಲಿದೆ. ರೋಮಿನಲ್ಲಿ ಗೆಲಿಲಿಯೋನ ವಿಚಾರಣೆ ನಡೆದದ್ದು 1633ರಲ್ಲಿ. ಈ ಬೆಳಕು ಹೊರಟದ್ದೂ ಹೆಚ್ಚುಕಡಿಮೆ ಆಗಲೇ. ಆ ವಿಚಾರಣೆಯಲ್ಲಿ ತಪ್ಪಾಗಿತ್ತೆಂದು ಎರಡನೇ ಜಾನ್ ಪೌಲರು 1992ರಲ್ಲಿ ಒಪ್ಪಿಕೊಂಡಾಗಲೂ ಅದಿನ್ನೂ ದಾರಿಯಲ್ಲಿತ್ತು.

ವೆಬ್ ಚಿತ್ರದಲ್ಲೂ ಕೆಲವು ಕಡೆ ಕಪ್ಪು ಹಾಗೇ ಉಳಿದಿದೆ. ಧೂಳು ಅತ್ಯಂತ ದಟ್ಟವಾಗಿರುವುದು ಅಲ್ಲೇ, ಅದರೊಳಗೆ ಇನ್ನೂ ಕೆಲವು ನಕ್ಷತ್ರಗಳು ರೂಪುಗೊಳ್ಳುತ್ತಿವೆ.