ಮೂವತ್ತೈದು ದಿನಗಳ ಕಾದಂಬರಿ

ರೋಚಕ ಕಾದಂಬರಿಗಳನ್ನು ಮಕ್ಕಳು ಪಠ್ಯಪುಸ್ತಕದ ಮರೆಯಲ್ಲಿಟ್ಟುಕೊಂಡು ಓದುತ್ತಾರೆಂದು ತಾಯಂದಿರು ನಮ್ಮೊಡನೆ ದೂರುವುದುಂಟು. ಅಂತಹ ಪುಸ್ತಕಗಳಲ್ಲಿ ಬಹುಪಾಲು ಜೊಳ್ಳೆಂಬುದನ್ನು ನಾವೂ ಅಲ್ಲಗಳೆಯುವುದಿಲ್ಲ. ಆದರೆ ಆ ಪ್ರಕಾರವನ್ನೇ ತುಚ್ಛವೆಂದು ಬದಿಗೆ ಸರಿಸುವ ಮುನ್ನ, ೨೦೨೫ರ ಜೂನ್ ೯ರಂದು ತಮ್ಮ ೮೬ನೆಯ ವಯಸ್ಸಿನಲ್ಲಿ ನಿಧನರಾದ ಆಂಗ್ಲ ಲೇಖಕ ಫ್ರೆಡರಿಕ್ ಫೋರ್ಸಿತ್ ಅವರ ಜೀವನವನ್ನು ವಾಚಕರು ಒಮ್ಮೆ ಅವಲೋಕಿಸಬೇಕೆಂದು ನಮ್ಮ ಅಪೇಕ್ಷೆ.

ಇಂಗ್ಲೆಂಡಿನ ಕೆಂಟ್ ಪ್ರಾಂತದ ಆಶ್‌ಫರ್ಡ್‌ನಲ್ಲಿ ೧೯೩೮ರಲ್ಲಿ ಜನಿಸಿದ ಇವರು ಹದಿಹರೆಯದಲ್ಲಿಯೇ ವಾಯುಪಡೆಯ ಜೆಟ್ ವಿಮಾನ ನಡೆಸಿದವರು. ತರುವಾಯ ರಾಯಿಟರ್ಸ್ ವಾರ್ತಾಸಂಸ್ಥೆಯನ್ನು ಸೇರಿ ೧೯೬೨ರಲ್ಲಿ ಪ್ಯಾರಿಸ್ಸಿಗೆ ಹೋದರು. ಅಲ್ಜೀರಿಯಕ್ಕೆ ಸ್ವಾತಂತ್ರ್ಯ ನೀಡಿದ ಅಧ್ಯಕ್ಷ ದ ಗಾಲ್ ಅವರನ್ನು ಕೊಲ್ಲಲು ಓ.ಎ.ಎಸ್. ಎಂಬ ಗುಪ್ತಸಂಘ ಹವಣಿಸುತ್ತಿದ್ದ ಕಾಲವದು. ಆ ವರ್ಷದ ಆಗಸ್ಟ್ ೨೨ರಂದು ಪೆಟಿ ಕ್ಲಾಮಾರಿನಲ್ಲಿ ಅಧ್ಯಕ್ಷರ ಕಾರಿನ ಮೇಲೆ ಗುಂಡಿನ ಮಳೆಯೇ ಸುರಿಯಿತು. ಅವರೂ ಅವರ ಪತ್ನಿಯೂ ಗಾಯವಿಲ್ಲದೆ ಪಾರಾದರು. ತರುಣ ವರದಿಗಾರನ ಮನಸ್ಸಿನಲ್ಲಿ ಇವೆಲ್ಲ ಉಳಿದವು.

ಆದರೆ ಇವರ ಬಾಳನ್ನು ತಿರುಗಿಸಿದ್ದು ಪ್ಯಾರಿಸ್ಸಲ್ಲ, ಬಯಾಫ್ರ. ೧೯೬೭ರಲ್ಲಿ ನೈಜೀರಿಯದಿಂದ ಬೇರ್ಪಟ್ಟ ಆ ಪ್ರದೇಶಕ್ಕೆ ಬಿ.ಬಿ.ಸಿ. ಇವರನ್ನು ಕಳುಹಿಸಿತು. ಬ್ರಿಟಿಷ್ ಸರ್ಕಾರವು ನೈಜೀರಿಯಕ್ಕೆ ಶಸ್ತ್ರಾಸ್ತ್ರಗಳನ್ನು ಒದಗಿಸುತ್ತಿತ್ತು. ಅತ್ತ ಸುತ್ತುವರಿಯಲ್ಪಟ್ಟ ಬಯಾಫ್ರದಲ್ಲಿ ಶಿಶುಗಳು ಅನ್ನವಿಲ್ಲದೆ ಸಾಯುತ್ತಿದ್ದವು. ತಾನು ಕಂಡದ್ದನ್ನು ಹೇಳಲು ಸಂಸ್ಥೆಯಲ್ಲಿ ಅವಕಾಶವಿಲ್ಲವೆಂದು ಫೋರ್ಸಿತ್ ೧೯೬೮ರಲ್ಲಿ ಕೆಲಸ ತೊರೆದು, ಯಾರ ಆಶ್ರಯವೂ ಇಲ್ಲದೆ ಮತ್ತೆ ಅಲ್ಲಿಗೇ ಮರಳಿದರು. ೧೯೬೯ರಲ್ಲಿ ಆ ಯುದ್ಧದ ಕುರಿತು ಒಂದು ಗ್ರಂಥವನ್ನೂ ಪ್ರಕಟಿಸಿದರು. ಬಯಾಫ್ರದ ನಾಯಕ ಒಜುಕ್ವು ಅವರ ವಿಷಯದಲ್ಲಿ ಇವರಿಗೆ ಪಕ್ಷಪಾತವಿದ್ದಿತೆಂಬ ಆಕ್ಷೇಪಣೆಯನ್ನು ನಾವು ಸುಳ್ಳೆನ್ನಲಾರೆವು. ಹಸಿದ ಮಕ್ಕಳು ಮಾತ್ರ ಯಾವ ಪಕ್ಷಕ್ಕೂ ಸೇರಿದವರಾಗಿರಲಿಲ್ಲ.

೧೯೭೦ರ ಜನವರಿಯಲ್ಲಿ ಬಯಾಫ್ರ ಸೋತಿತು. ಕೈಯಲ್ಲಿ ಕಾಸಿಲ್ಲ, ಉದ್ಯೋಗವಿಲ್ಲ. ಫೋರ್ಸಿತ್ ಬೆರಳಚ್ಚು ಯಂತ್ರದ ಮುಂದೆ ಕುಳಿತು ೩೫ ದಿನಗಳಲ್ಲಿ ‘ದಿ ಡೇ ಆಫ್ ದಿ ಜಾಕಲ್’ ಬರೆದು ಮುಗಿಸಿದರು. ದ ಗಾಲ್ ಹತ್ಯೆಗೆ ಬಾಡಿಗೆಯ ಕೊಲೆಗಾರನೊಬ್ಬನು ನೇಮಕಗೊಳ್ಳುವ ಕಥೆ ಅದು. ದ ಗಾಲ್ ಕೊಲೆಯಾಗಲಿಲ್ಲವೆಂಬುದು ಲೋಕಕ್ಕೇ ತಿಳಿದಿರುವಾಗ ಇದನ್ನು ಓದುವವರಾರು ಎಂದು ಹಲವು ಪ್ರಕಾಶಕರು ಹಸ್ತಪ್ರತಿಯನ್ನು ಹಿಂದಿರುಗಿಸಿದರು. ಕೊನೆಗೆ ಹಚಿನ್ಸನ್ ಸಂಸ್ಥೆ ೧೯೭೧ರಲ್ಲಿ ಎಂಟು ಸಾವಿರ ಪ್ರತಿಗಳನ್ನು ಅಚ್ಚುಹಾಕಿತು. ಪುಸ್ತಕ ಬಾಯಿಂದ ಬಾಯಿಗೆ ಹಬ್ಬಿ ದೇಶದೇಶಗಳಲ್ಲಿ ಖರ್ಚಾಯಿತು. ೧೯೭೩ರಲ್ಲಿ ಚಲನಚಿತ್ರವೂ ಆಯಿತು. ಇವರ ಎಲ್ಲ ಕೃತಿಗಳು ಸೇರಿ ಏಳು ಕೋಟಿಗೂ ಮಿಕ್ಕಿ ಪ್ರತಿಗಳು ಮಾರಾಟವಾದವು.

ಅಂತ್ಯ ಗೊತ್ತಿದ್ದೂ ಓದುಗನು ಪುಟ ಮಗುಚುವುದೇಕೆ? ಹರಿಕಥೆಗೆ ಕುಳಿತವರಿಗೆ ಈ ಪ್ರಶ್ನೆ ಏಳುವುದೇ ಇಲ್ಲ. ಅಲ್ಲಿಯಂತೆ ಇಲ್ಲಿಯೂ ಕುತೂಹಲ ‘ಏನಾಯಿತು’ ಎಂಬುದರಲ್ಲಿಲ್ಲ, ‘ಹೇಗೆ’ ಎಂಬುದರಲ್ಲಿದೆ. ಬಂದೂಕು ಹೇಗೆ ತಯಾರಾಗುತ್ತದೆ, ಪೊಲೀಸರ ಕಡತಗಳು ಹೇಗೆ ಚಲಿಸುತ್ತವೆ ಎಂಬುದನ್ನೆಲ್ಲ ವರದಿಗಾರನ ಶಿಸ್ತಿನಿಂದ ನಿರೂಪಿಸಲಾಗಿದೆ. ಸತ್ತ ಮಗುವಿನ ಜನನ ಪ್ರಮಾಣಪತ್ರವನ್ನು ಪಡೆದು ಆ ಹೆಸರಿನಲ್ಲಿ ಪಾಸ್‌ಪೋರ್ಟ್ ಸಂಪಾದಿಸುವ ಉಪಾಯವೂ ಅದರಲ್ಲಿದೆ. ಮುಂದೆ ಬ್ರಿಟನ್ನಿನಲ್ಲಿ ಈ ಬಗೆಯ ವಂಚನೆಗೆ ಕಾದಂಬರಿಯ ಹೆಸರೇ ಅಂಟಿಕೊಂಡಿತು. ಇದನ್ನು ನಾವು ಮೆಚ್ಚಲಾರೆವು. ಬರಹಗಾರನ ನಿಖರತೆ ಕಳ್ಳನಿಗೂ ಉಪಕಾರವಾದೀತು.

ಎರಡನೆಯ ಕಾದಂಬರಿ ‘ದಿ ಒಡೆಸ್ಸಾ ಫೈಲ್’ (೧೯೭೨) ವಿಷಯದಲ್ಲಿ ಅದೇ ನಿಖರತೆ ಬೇರೆ ಫಲವನ್ನು ನೀಡಿತು. ರೀಗಾ ನಗರದಲ್ಲಿ ಯಹೂದ್ಯರನ್ನು ಹಿಂಸಿಸಿದ ನಾಟ್ಸಿ ಅಧಿಕಾರಿ ರೋಷ್‌ಮನ್‌ನನ್ನು ಅವನ ನಿಜನಾಮದಿಂದಲೇ ಚಿತ್ರಿಸಿ, ಮರೆತುಹೋಗುತ್ತಿದ್ದ ಪಾತಕವನ್ನು ಅದು ಲೋಕದ ಮುಂದಿಟ್ಟಿತು.

ಬ್ರಿಟಿಷ್ ಗೂಢಚಾರ ಇಲಾಖೆಗೆ ತಾನು ಹಲವು ವರ್ಷ ನೆರವಾಗಿದ್ದೆನೆಂದು ೨೦೧೫ರ ಆತ್ಮಕಥೆಯಲ್ಲಿ ಫೋರ್ಸಿತ್ ಬಹಿರಂಗಪಡಿಸಿದಾಗ ಪತ್ರಿಕೆಗಳು ಅದನ್ನೇ ದೊಡ್ಡದು ಮಾಡಿದವು. ನಮಗೆ ಹೆಚ್ಚು ಮುಖ್ಯವೆನಿಸುವುದು ಮತ್ತೊಂದು ಸಂಗತಿ. ಕಂಡ ಸತ್ಯವನ್ನು ಬರೆದಾಗ ಇವರಿಗೆ ದೊರೆತದ್ದು ನಿರುದ್ಯೋಗ. ಕಲ್ಪಿತ ಕೊಲೆಗಾರನನ್ನು ಕುರಿತು ಬರೆದಾಗ ದೊರೆತದ್ದು ಅಪಾರ ಐಶ್ವರ್ಯ. ಆ ಐಶ್ವರ್ಯ ಹಳೆಯ ನೋವನ್ನು ಮರೆಸಲಿಲ್ಲ. ಯುದ್ಧ ಮುಗಿದು ಐವತ್ತು ವರ್ಷ ತುಂಬಿದ ೨೦೨೦ರ ಜನವರಿಯಲ್ಲಿ, ೮೧ರ ವಯಸ್ಸಿನಲ್ಲಿ, ‘ಗಾರ್ಡಿಯನ್’ ಪತ್ರಿಕೆಯಲ್ಲಿ ಬಯಾಫ್ರದ ಮಕ್ಕಳ ಸಾವಿನಲ್ಲಿ ತಮ್ಮ ದೇಶದ ಪಾಲೆಷ್ಟೆಂದು ಅವರು ಮತ್ತೊಮ್ಮೆ ಬರೆದರು.